ಓಲಿವರನ ಗಾಯಾಳುಗಳು
ಶುಕ್ರವಾರ ಮಧ್ಯಾಹ್ನ ಕೊಲ್ಲಿ ನಾಡಿನ ಸೆಗಯಾ ಬಡಾವಣೆಯ ಫ್ಲ್ಯಾಟಿನಲ್ಲಿ ನಾವು ದಾಳ ಉರುಳಿಸಿ ಕಾಲ್ಪನಿಕ ರಾಕ್ಷಸರೊಡನೆ ಕಾದಾಡುವಾಗ ಆಟ ನಡೆಸುವವನು ಓಲಿವರ್, ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ನರ್ಸ್. ಒಂದು ರಾತ್ರಿ ಮಲಗಿದರೆ ಎಲ್ಲ ಗಾಯವೂ ವಾಸಿ ಎನ್ನುತ್ತದೆ ನಿಯಮದ ಪುಸ್ತಕ. ಓಲಿವರ್ ಒಪ್ಪಬೇಕಲ್ಲ! “ಮುರಿದ ಎಲುಬು ನಿದ್ದೆಯಲ್ಲಿ ಕೂಡ್ತದಾ ಮಾರಾಯ? ಆರು ವಾರ ಬೇಕು” ಎನ್ನುತ್ತಾನೆ. ಹಾಗಾಗಿ ಆಟದಲ್ಲಿ ಅನೂಪನ ಪಾತ್ರವಾದ ಮಹಾವೀರ ಕೋಲೂರಿಕೊಂಡೇ ಎರಡು ಕೋಟೆ ಗೆದ್ದಿದ್ದಾನೆ. ತುಕ್ಕು ಕತ್ತಿ ತಾಗಿದವರು ಟೆಟನಸ್ ಇಂಜೆಕ್ಷನ್ ಚುಚ್ಚಿಸಿಕೊಳ್ಳದೆ ಮುಂದಿನ ಗುಹೆಗೆ ಹೋಗುವಂತಿಲ್ಲ. ನಮಗೀಗ ಡ್ರ್ಯಾಗನ್ನಿಗಿಂತ ಸೋಂಕಿನ ಭಯವೇ ಹೆಚ್ಚು. ಯಾರದಾದರೂ ಪಾತ್ರದ ಪ್ರಾಣಾಂಕ ಸೊನ್ನೆಗಿಳಿದರೆ ಸಾವು-ಬದುಕನ್ನು ದಾಳ ನಿರ್ಧರಿಸಬೇಕು. ಆಗ ಮಾತ್ರ ಓಲಿವರ್ ತಾನೇ ದಾಳ ಉರುಳಿಸಿ, ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಎರಡು ಬೆರಳನ್ನು ಆಟಗಾರನ ಮಣಿಕಟ್ಟಿನ ಮೇಲಿಟ್ಟು ವಾಚು ನೋಡುತ್ತಾನೆ. ಆರು ವರ್ಷದಲ್ಲಿ ನಮ್ಮ ಮೇಜಿನಲ್ಲಿ ಒಬ್ಬರೂ ಸತ್ತಿಲ್ಲ. ಮೊನ್ನೆ ಶುಕ್ರವಾರ ಬೆಳಿಗ್ಗೆ ಅವನ ವಾರ್ಡಿನಲ್ಲಿ ರೋಗಿಯೊಬ್ಬರು ತೀರಿಕೊಂಡಿದ್ದರು; ಡ್ಯೂಟಿಯಿಂದ ನೇರ ಇಲ್ಲಿಗೇ ಬಂದಿದ್ದ. ಆಟದಲ್ಲಿ ಟೀನಾಳ ಮಂತ್ರವಾದಿನಿ ಈಟಿ ತಾಗಿ ಬಿದ್ದಳು; ಪ್ರಾಣಾಂಕ ಸೊನ್ನೆ. ನಿಮಿಷ ಕಳೆದರೂ ಅವನು ಟೀನಾಳ ಮಣಿಕಟ್ಟು ಬಿಡಲಿಲ್ಲ. “ಎಂತ ಓಲಿವರ್, ಬದುಕಿದ್ದೇನಾ ಇಲ್ವಾ?” ಎಂದಳು. ಮುಚ್ಚಿದ್ದ ದಾಳವನ್ನು ತಾನೂ ನೋಡದೆ ಡಬ್ಬಿಗೆ ಹಾಕಿ ಓಲಿವರ್ ಹೇಳಿದ: “ನಿಂದು ಪಲ್ಸ್ ಉಂಟು.”