ಪೆನಾಂಗಿಗೆ ಹೋದ ಖಡಕ್ ರೊಟ್ಟಿ

ಎರಡು ವರ್ಷದ ಹಿಂದೆ ನಾನು ಹಾನಗಲ್ಲಿನಲ್ಲಿ ಕಾಳುಕಡಿಯ ದಲಾಲಿ ಮಾಡುವ ಒಬ್ಬ ಅಡತಿ ಸಾವ್ಕಾರರ ಮನೆಯಲ್ಲಿ ರೊಟ್ಟಿ ಮಾಡುವ ಕೆಲಸದಲ್ಲಿದ್ದೆ. ಆ ಒಲೆಯ ಮುಂದೆ ಆಗಲೇ ಇಪ್ಪತ್ತೊಂದು ವರ್ಷ ಕುಳಿತಾಗಿತ್ತು. ದಿನಕ್ಕೆ ಅರವತ್ತು ರೊಟ್ಟಿ, ಮನೆಯಲ್ಲಿ ಕಾರ್ಯವಿದ್ದರೆ ಮುನ್ನೂರು. ನನ್ನ ಹೆಸರು ಗಂಗವ್ವ, ತವರು ಆಡೂರು, ಶಾಲೆ ಮೂರನೇ ಇಯತ್ತೆಯವರೆಗೆ. ಇದನ್ನೆಲ್ಲ ಬರೆಯುವ ಧೈರ್ಯ ಈಗ ಬಂದಿದೆ. ಹದಿನೆಂಟು ದಿನದ ಹಿಂದೆ ಮಗಳು ಮಂಜುಳಾಗೆ ಹೆಣ್ಣುಮಗು ಆಯಿತು. ಮೊದಲ ಮೊಮ್ಮಗಳು! ಮೂಗು ಥೇಟ್ ನನ್ನದೇ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ, ಹೇಳಿದವರಿಗೇ ಮತ್ತೆ ಹೇಳುತ್ತಿದ್ದೇನೆ. ಇಷ್ಟು ಸಂತೋಷ ಇರುವಾಗಲೇ ಆ ಹಳೆಯ ಕಹಿಯನ್ನೂ ಹೊರಗೆ ಹಾಕಿಬಿಡೋಣ ಅನ್ನಿಸಿತು.

ವ್ಯಾಪಾರದ ಮನೆಯವರಿಗೆ ಶನಿವಾರ, ರವಿವಾರ ಅಂತ ರಜೆ ಇರುವುದಿಲ್ಲ. ಅಮಾವಾಸ್ಯೆಗೆ ಅಂಗಡಿ ಮುಚ್ಚುತ್ತಾರೆ, ಅದೇ ರಜೆ. ಆ ಸಲ ಅಮಾವಾಸ್ಯೆ ಸೋಮವಾರ ಬಂದಿತ್ತು. ಹಿಂದಿನ ಎರಡು ದಿನ, ಮೇಲೆ ದಾರಿಯ ದಿನ ಸೇರಿಸಿಕೊಂಡು ಪೆನಾಂಗಿಗೆ ಹೋಗಿಬರುವುದೆಂದು ಸಾವ್ಕಾರರ ಹೆಂಡತಿ ಶಿಲ್ಪಾ ವೈನಿ ಮೊಬೈಲಿನಲ್ಲೇ ಎಲ್ಲ ಗೊತ್ತುಮಾಡಿದರು. ಪೆನಾಂಗ್ ಮಲೇಷಿಯಾ ದೇಶದ ಸಮುದ್ರದ ದಂಡೆಯ ಊರು. ಒಂದು ದಿನ ದಂಡೆ, ಒಂದು ದಿನ ಗುಡ್ಡ, ಅರ್ಧ ದಿನ ಪೇಟೆ ಅಂತ ಕಾಗದದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದರು.

ತೊಡಕಾದದ್ದು ಸಾವ್ಕಾರರ ತಾಯಿ, ಮನೆಯ ಹಿರಿಯರಾದ ಅವ್ವಾರದು. ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ, ಲಿಂಗ ಕಟ್ಟಿದವರ ಕೈಯಡುಗೆ ಬಿಟ್ಟು ಬೇರೆ ಉಣ್ಣುವವರೂ ಅಲ್ಲ. "ಗಂಗವ್ವ ಬಂದ್ರ ನಾನೂ ಬರ್ತೇನಿ. ಇಲ್ಲಂದ್ರ ನೀವ ಹೋಗ್ರಿ" ಎಂದು ಕಡ್ಡಿ ಮುರಿದಂತೆ ಹೇಳಿದರು. ಹೀಗೆ ನನಗೂ ಒಂದು ಸೀಟು ಬಂತು. ನಾನು ಸಮುದ್ರ ನೋಡಿದವಳಲ್ಲ.

ಪಾಸ್‌ಪೋರ್ಟಿಗೆ ಹುಬ್ಬಳ್ಳಿಗೆ ಕರೆದೊಯ್ದರು. ಬೆರಳಚ್ಚಿನ ಯಂತ್ರ ನನ್ನ ಬೆರಳನ್ನು ಮೂರು ಸಲ ಒಲ್ಲೆ ಅಂದಿತು. ಅಲ್ಲಿ ಕುಳಿತ ಹುಡುಗಿ ನನ್ನ ಕೈ ತಿರುಗಿಸಿ ನೋಡಿ ಕೇಳಿದಳು: "ಗೆರಿನ ಸವದಾವಲ್ಲಬೇ ಅಜ್ಜಿ, ಏನ್ ಕೆಲಸ ಮಾಡ್ತೀರಿ?"

"ರೊಟ್ಟಿ ಬಡೀತೇನ್ರಿ."

ಒದ್ದೆ ಬಟ್ಟೆಯಿಂದ ಒರೆಸಿ ಒತ್ತಿದಾಗ ನಾಲ್ಕನೇ ಸಲಕ್ಕೆ ಹಿಡಿಯಿತು. ಆಮೇಲೆ ವಿಚಾರಣೆಗೆ ಪೊಲೀಸರು ಓಣಿಗೆ ಬಂದರು. ಅಲ್ಲಿಗೆ ಗುಟ್ಟು ರಟ್ಟಾಯಿತು. ಪಕ್ಕದ ಮನೆಯ ಬಸವ್ವ ನಳದ ಹತ್ತಿರ ಎಲ್ಲರೆದುರಿಗೆ ಕಾಡಿಸಿದಳು: "ಏನಬೇ ಗಂಗಕ್ಕ, ಇಮಾನದಾಗ ಕಿಡಕಿ ಬಾಜೂಕ ಕುಂದ್ರು. ಹಾನಗಲ್ ಮ್ಯಾಲ ಹಾದ್ರ ನಮಗೊಂದು ಕೈ ಮಾಡು." ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೊಳಗೇ ಉಬ್ಬಿದ್ದೆ.

ಹೊರಡಲು ಇನ್ನು ಇಪ್ಪತ್ತು ದಿನ ಇತ್ತು. ಆಗ ವೈನಿಗೆ ಒಂದು ಸಂಗತಿ ತಿಳಿಯಿತು. ಹೋಟೆಲಿನ ಕೋಣೆಯಲ್ಲಿ ಒಲೆ ಇಲ್ಲ, ಒಲೆ ಹಚ್ಚುವಂತೆಯೂ ಇಲ್ಲ. ಮನೆಯವರೆಲ್ಲ ಚಿಂತೆಯಲ್ಲಿದ್ದಾಗ ನಾನೇ ಬಾಯಿ ಹಾಕಿದೆ. "ಅದಕ್ಯಾಕ ಹೆದರ್ತೀರಿ? ಖಡಕ್ ರೊಟ್ಟಿ ಮಾಡ್ತೇನಿ. ತಿಂಗಳಿಟ್ರೂ ಕೆಡೂದಿಲ್ಲ."

ಖಡಕ್ ರೊಟ್ಟಿ ಎಲ್ಲರಿಗೂ ಬರುತ್ತದೆ, ಆದರೆ ನನ್ನಂತೆ ಬರುವುದಿಲ್ಲ. ಹಿಟ್ಟನ್ನು ಬಿಸಿ ನೀರಲ್ಲಿ ನಾದಿ, ಎಲೆಯಷ್ಟು ತೆಳ್ಳಗೆ ಬಡಿದು, ಹಂಚಿನಲ್ಲಿ ಬೇಯಿಸಿ, ಆಮೇಲೆ ಒಲೆಯ ಕೆಂಡದ ಮುಂದೆ ಒಂದೊಂದನ್ನೇ ನಿಲ್ಲಿಸಬೇಕು. ಪಸೆ ಪೂರಾ ಹೋಗಬೇಕು, ಬಣ್ಣ ಮಾತ್ರ ಕೆಡಬಾರದು. ಪರೀಕ್ಷೆಗೆ ಆರು ರೊಟ್ಟಿ ಮಾಡಿ, ಬಿಳಿ ಅರಿವೆಯಲ್ಲಿ ಸುತ್ತಿ ಹತ್ತು ದಿನ ಇಟ್ಟೆ. ಹನ್ನೊಂದನೇ ದಿನ ಮಧ್ಯಾಹ್ನ ಎಲ್ಲರೆದುರಿಗೆ ಬಿಚ್ಚಿದೆ. ಮುರಿದರೆ ಚಟ್ ಅಂದಿತು. ಅವ್ವಾರು ಶೇಂಗಾ ಚಟ್ನಿ, ಮೊಸರಿನ ಜೊತೆ ಒಂದು ರೊಟ್ಟಿ ಪೂರ್ತಿ ತಿಂದರು. "ಇವತ್ತ ಮಾಡಿದಂಗ ಐತಿ ನೋಡು" ಎಂದರು. ನನಗೆ ಸನ್ಮಾನ ಆದ ಹಾಗೆ ಆಯಿತು.

ಆಗ ಸಾವ್ಕಾರರು ನೀರು ಕುಡಿದು ಲೋಟ ಕೆಳಗಿಟ್ಟು ವೈನಿಯ ಕಡೆ ನೋಡಿದರು. "ಹಂಗಾದ್ರ ಗಂಗವ್ವ ಯಾಕ ಬೇಕು?"

ನಾನು ಅಲ್ಲೇ ಮೊಸರಿನ ಗಡಿಗೆ ಹಿಡಿದು ನಿಂತಿದ್ದೆ. ಅವ್ವಾರು ಏನಾದರೂ ಅನ್ನುತ್ತಾರೆಂದು ಅವರ ಮುಖ ನೋಡಿದೆ. ಅವರು ಬಾಯಲ್ಲಿದ್ದ ತುತ್ತು ನುಂಗಿ, "ಹೌದಲ್ಲ. ಪಾಪ, ಆಕಿಗ್ಯಾಕ ತ್ರಾಸ?" ಎಂದರು. ನನ್ನ ಸೀಟಿಗೆ ವೈನಿಯ ತಂಗಿ ಬಂದಳು.

ಹೊರಡುವ ಹಿಂದಿನ ಎರಡು ದಿನ ನೂರಾ ಇಪ್ಪತ್ತು ರೊಟ್ಟಿ ಮಾಡಿದೆ. ಸುಳ್ಳು ಹೇಳುವುದಿಲ್ಲ, ಒಂದು ಕೆಟ್ಟ ಯೋಚನೆ ಬಂತು. ನಾಲ್ಕೈದು ರೊಟ್ಟಿಯನ್ನು ಒಂದು ಚೂರು ದಪ್ಪ ಬಿಟ್ಟರೆ ಸಾಕು, ಒಳಗೆ ಪಸೆ ಉಳಿಯುತ್ತದೆ, ಎರಡನೇ ದಿನಕ್ಕೆ ಬೂಸಲು ಬಂದು ಉಳಿದ ರೊಟ್ಟಿಗೂ ಹತ್ತುತ್ತದೆ. ಆಗ ಗಂಗವ್ವ ಯಾಕೆ ಬೇಕಿತ್ತು ಅನ್ನುವುದು ತಿಳಿಯುತ್ತಿತ್ತು. ಒಂದನ್ನು ಹಾಗೆ ಬಡಿದೂ ಬಡಿದೆ. ಹಂಚಿಗೆ ಹಾಕುವ ಮುಂಚೆ ಕೈ ತಾನೇ ಅದನ್ನು ಮುದ್ದೆ ಮಾಡಿತು. ಮತ್ತೆ ತೆಳ್ಳಗೆ ಬಡಿದೆ. ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು.

ಓಣಿಗೆ ಏನು ಹೇಳುವುದು? ಅವರು ಹೊರಟ ದಿನವೇ ನಾನೂ ಚೀಲ ಹಿಡಿದು ಬಸ್ ಹತ್ತಿದೆ, ತಡಸದಲ್ಲಿದ್ದ ಮಗಳ ಮನೆಗೆ. ಮಂಜುಳಾ ಬಾಗಿಲಲ್ಲೇ ನಕ್ಕಳು: "ಯವ್ವಾ, ಪೆನಾಂಗ್ ತಡಸದಾಗ ಐತೇನ?" ನನ್ನ ಮುಖ ನೋಡಿ ಚೀಲ ಇಸಿದುಕೊಂಡಳು. ನಾಲ್ಕು ದಿನ ಅಲ್ಲಿದ್ದು ಮರಳಿದೆ. ಬಸವ್ವ ಕೇಳಿಯೇಬಿಟ್ಟಳು: "ಸಮುದ್ರ ಹೆಂಗೈತಬೇ?"

"ಭಾಳ ನೀರೈತಿ" ಎಂದೆ.

ಮರುದಿನವೇ ಶಿಲ್ಪಾ ವೈನಿ ನಮ್ಮ ಓಣಿಗೆ ಬಂದರು, ಕೈಯಲ್ಲಿ ಉಡುಗೊರೆ. ಸಮುದ್ರದ ಚಿತ್ರವಿದ್ದ, ಫ್ರಿಜ್ಜಿಗೆ ಅಂಟಿಸುವ ಒಂದು ಬಿಲ್ಲೆ. ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ. ನಳದ ಹತ್ತಿರ ನಾಲ್ಕಾರು ಹೆಂಗಸರ ನಡುವೆ ನನ್ನ ಕೈಗಿಟ್ಟು ಹೇಳಿದರು: "ರೊಟ್ಟಿ ಒಂದೂ ಕೆಡಲಿಲ್ಲ ನೋಡು ಗಂಗವ್ವ. ನೀನೂ ಬಂದಿದ್ರ ಭಾಳ ಚಲೋ ಇತ್ತು." ಮನಸ್ಸಿನಿಂದಲೇ ಹೇಳಿದರು, ಅದೇ ಹೆಚ್ಚು ಚುಚ್ಚಿತು. ಅವರು ಹೋದರು. ಇಷ್ಟು ದಿನ ಕಾಡಿಸಿದ ಬಸವ್ವ ನನ್ನ ಕೊಡ ಎಳೆದು ನಳಕ್ಕೆ ಹಿಡಿದಳು. "ಮೊದ್ಲ ನೀ ತುಂಬಿಕೋ, ನೀರು ನಿಂತ್ ಹೋಗ್ತಾವ" ಎಂದಳು, ಅಷ್ಟೇ.

ಆಮೇಲೂ ಒಂದೂವರೆ ವರ್ಷ ಅದೇ ಒಲೆಯ ಮುಂದೆ ಕುಳಿತೆ. ಮಗಳು ಹೆರಿಗೆಗೆ ಬಂದ ಮೇಲೆ ಬಿಟ್ಟೆ.

ಕಸುಬು ನನಗೆ ಕಲಿಸಿದ್ದು ಇಷ್ಟು. ಬಿಸಿ ರೊಟ್ಟಿ ಉಣ್ಣುವವರಿಗೆ ಮಾಡುವವಳು ಹತ್ತಿರವೇ ಇರಬೇಕು. ಖಡಕ್ ರೊಟ್ಟಿ ಕಟ್ಟಿಕೊಂಡವರಿಗೆ ಅವಳ ಮುಖವೂ ಬೇಕಾಗಿಲ್ಲ. ಎರಡನ್ನೂ ಕೆಡದಂತೆ ಮಾಡಬೇಕು, ಆದರೆ ಯಾವುದನ್ನು ಯಾವಾಗ ಮಾಡಿಕೊಡಬೇಕೆಂದು ಮಾಡುವವಳೇ ತಿಳಿದಿರಬೇಕು. ನನಗೆ ಅದು ತಡವಾಗಿ ತಿಳಿಯಿತು.

ಮೊನ್ನೆ ವೈನಿ ಫೋನ್ ಮಾಡಿದ್ದರು. ಮತ್ತೊಂದು ಸಮುದ್ರದ ಊರು, ಮತ್ತೆ ಮೂರು ದಿನ, ನೂರೈವತ್ತು ಖಡಕ್ ರೊಟ್ಟಿ. ಮೊಮ್ಮಗಳು ಕಾಲ ಮೇಲೆ ಮಲಗಿದ್ದಳು, ಮೈಗೆ ಎಣ್ಣೆ ಹಚ್ಚುತ್ತಿದ್ದೆ.

"ಖಡಕ್ ಆಗೂದಿಲ್ರಿ ವೈನಿ" ಎಂದೆ. "ಬಿಸಿವು ಬೇಕಂದ್ರ ಹೇಳ್ರಿ, ಎಲ್ಲಿಗಾದ್ರೂ ಬರ್ತೇನಿ."