ಕೆಮ್ಮಿನ ಮೇಲೆ ನಿಂತ ಊರು

ಮೆನ್‌ಸಿಂಗ್ ಹಾನ್ಸೆಯವರ ಕೆಮ್ಮಿನ ಬಗ್ಗೆ ನಮ್ಮ ಕಾರ್ಬಿ ಗುಡ್ಡಗಳಲ್ಲಿ ಹಬ್ಬಿರುವ ಕಥೆಗಳಲ್ಲಿ ಅರ್ಧ ನಿಜ. ಉಳಿದರ್ಧ ಸುಳ್ಳೆಂದು ಇದುವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಬೆಳಗಿನ ಜಾವ ಅವರು ಜಗಲಿಗೆ ಬಂದು ಮೊದಲ ಕೆಮ್ಮು ಕೆಮ್ಮಿದರೆ ಬಿದಿರು ಮೆಳೆಯ ಹಕ್ಕಿಗಳು ಏಳುತ್ತಿದ್ದವು. ಎರಡನೆಯದಕ್ಕೆ ಹುಂಜಗಳು ತಡವಾಯಿತೆಂದು ನಾಚಿಕೊಂಡು ಕೂಗುತ್ತಿದ್ದವು. ಮೂರನೆಯದು ಹಳ್ಳ ದಾಟಿ ಆಚೆ ದಿಬ್ಬದ ನೇಪಾಳಿ ಟೀಕಾರಾಮ ಘಿಮಿರೆಯ ಕೊಟ್ಟಿಗೆಗೆ ನುಗ್ಗಿ ಎಮ್ಮೆಗಳ ಕಿವಿ ನಿಮಿರಿಸುತ್ತಿತ್ತು. ಒಮ್ಮೆ ಆನೆಗಳ ಹಿಂಡು ನಮ್ಮ ಭತ್ತಕ್ಕೆ ಇಳಿದಾಗ, ಊರೆಲ್ಲ ಮಾವ ಎಂದೇ ಕರೆಯುವ ಅವರು ಜಗಲಿಯಿಂದಲೇ ಕೆಮ್ಮಿದರು. ಹಿಂಡಿನ ಮುಂದಿದ್ದ ಮುದಿ ಹೆಣ್ಣಾನೆ ಅರೆಗಳಿಗೆ ನಿಂತು, ಇಲ್ಲಿ ತನಗಿಂತ ಹಿರಿಯರೊಬ್ಬರಿದ್ದಾರೆಂದು ತಿಳಿದು, ಮರ್ಯಾದೆಯಿಂದ ಮರಿಗಳನ್ನು ಹಿಂದಕ್ಕೆ ಕರೆದುಕೊಂಡು ಹೋಯಿತಂತೆ.

ಆ ಕೆಮ್ಮು ಕೇಳಿದರೆ ಊರಿಗೆಲ್ಲ ನೆಮ್ಮದಿ. ಭಕ್ತಿಯಿಂದ ಅಲ್ಲ, ಕಚೇರಿಯ ದೆಸೆಯಿಂದ.

ನಮ್ಮಲ್ಲಿ ಊರಿನ ಹಿರಿಯನ ಹೆಸರೇ ಊರಿನ ಹೆಸರು. ಈಗ ಇದು ಮೆನ್‌ಸಿಂಗ್ ಹಾನ್ಸೆ ಊರು. ಅವರ ದೊಡ್ಡಪ್ಪ ಲಾಂಗ್‌ಕಾಮ್ ಹಾನ್ಸೆ ಹಿರಿಯರಾಗಿದ್ದಾಗ ಇವೇ ಮನೆಗಳು, ಇವೇ ಹಂದಿಗಳು, ಆದರೆ ಊರು ಲಾಂಗ್‌ಕಾಮ್ ಹಾನ್ಸೆ ಊರು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಹಳ್ಳದ ಮೇಲಿನ ಇಳಿಜಾರಿನ ತಕರಾರು ಹುಟ್ಟುವವರೆಗೆ.

ನಾವು ಒಂದು ಇಳಿಜಾರನ್ನು ಕಡಿದು, ಸುಟ್ಟು, ಬಿತ್ತಿ, ಬೆಳೆದು, ಆಮೇಲೆ ಕಾಡಿಗೆ ಬಿಟ್ಟು ಇನ್ನೊಂದಕ್ಕೆ ಹೋಗುವವರು. ನೆಲ ದಣಿವಾರಿಸಿಕೊಂಡ ಮೇಲೆ ಮತ್ತೆ ಅಲ್ಲಿಗೇ ಬರುತ್ತೇವೆ. ಹಾಗೆ ಮಲಗಿದ್ದ ನೆಲವನ್ನು ಟೀಕಾರಾಮನ ಮಕ್ಕಳು ವಾರಸುದಾರರಿಲ್ಲದ ನೆಲವೆಂದುಕೊಂಡು ಶುಂಠಿ ಹಾಕಿ ಬೇಲಿ ಕಟ್ಟಿದರು. ಲಾಂಗ್‌ಕಾಮ್ ಪೇಟೆಯ ಭೂಮಿ ಕಚೇರಿಗೆ ದೂರು ಕೊಟ್ಟರು. ದೂರು ವರ್ಷಗಟ್ಟಲೆ ನಡೆದು ಇನ್ನೇನು ತೀರ್ಪು ಬರಬೇಕು, ಅಷ್ಟರಲ್ಲಿ ಅವರೇ ತೀರಿಕೊಂಡರು.

"ದೂರು ಕೊಟ್ಟಿರೋ ಊರು ಎಲ್ಲಿದೆ?" ಎಂದು ಕಚೇರಿಯವರು ಕೇಳಿದರು.

"ಇದೇ ಸ್ವಾಮಿ."

"ಇದು ಮೆನ್‌ಸಿಂಗ್ ಹಾನ್ಸೆ ಊರಲ್ವೇನ್ರಿ? ಲಾಂಗ್‌ಕಾಮ್ ಊರು ಈಗ ಇಲ್ಲ. ಹೊಸದಾಗಿ ಕೊಡಿ."

ಹೊಸದಾಗಿ ಕೊಟ್ಟೆವು. ಅಂದಿನಿಂದ ಮೆನ್‌ಸಿಂಗ್ ಮಾವ ವಿಚಾರಣೆಯ ಪ್ರತಿ ವಾಯಿದೆಗೂ ಬೆಟ್ಟ ಇಳಿದು ಕಚೇರಿಗೆ ಹೋಗುತ್ತಾರೆ. ಆ ಕಡೆಯಿಂದ ಟೀಕಾರಾಮನೂ ಬರುತ್ತಾನೆ. ಅಲ್ಲಿ ಇಬ್ಬರೂ ಕಂಬಕ್ಕೊಬ್ಬರಂತೆ ಒರಗಿ ಸಂಜೆಯವರೆಗೆ ನಿಂತು, ಮುಂದಿನ ವಾಯಿದೆ ಹೊತ್ತುಕೊಂಡು, ಒಂದೇ ಬಸ್ಸಿನಲ್ಲಿ ತೂಕಡಿಸುತ್ತ ವಾಪಸಾಗುತ್ತಾರೆ. ಮಾವ ಹಿರಿತನ ಬಿಟ್ಟರೆ ಊರಿನ ಹೆಸರು ಬದಲಾಗುತ್ತದೆ, ದೂರು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸತ್ತರೂ ಅದೇ ಕಥೆ. ನಮ್ಮಲ್ಲಿ ನೆಲಕ್ಕೆ ವಿಶ್ರಾಂತಿಯುಂಟು, ಹಿರಿಯನಿಗಿಲ್ಲ.

ಹೀಗಿರುವಾಗ ಮೊನ್ನೆ ಒಂದು ಬೆಳಗ್ಗೆ ಕೆಮ್ಮು ಕೇಳಲಿಲ್ಲ.

ಹುಂಜಗಳು ಹೊಣೆ ಹೊರಲಾರದೆ ಸುಮ್ಮನಿದ್ದವು. ಬಿಸಿಲು ಬಿದ್ದರೂ ಜಗಲಿ ಸದ್ದಿಲ್ಲದೆ ಬಿದ್ದಿತ್ತು. ಊರಿಗೆ ಊರೇ ಕಂಬಗಳ ಮೇಲೆ ನಿಂತ ಮಾವನ ಮನೆಗೆ ಬಿದಿರ ಏಣಿ ಹತ್ತಿ ನುಗ್ಗಿತು. ಎಲ್ಲರಿಗಿಂತ ಮುಂದೆ ರೆನ್‌ಸಿಂಗ್ ತಿಮುಂಗ್, ನಮ್ಮ ಯುವಕರ ನಾಯಕ, ಭಾಷಣವಿಲ್ಲದೆ ನೀರನ್ನೂ ಕೇಳದವನು. ಎಲ್ಲರಿಗಿಂತ ಹಿಂದೆ, ಹಳ್ಳದಲ್ಲಿ ಮೊಣಕಾಲವರೆಗೆ ಒದ್ದೆಯಾಗಿ, ತುಪ್ಪದ ಡಬ್ಬಿ ಹಿಡಿದ ಟೀಕಾರಾಮ.

ಒಳಗೆ ಮಾವ ಒಲೆಯ ಪಕ್ಕದಲ್ಲಿ ಒಗೆದ ಅಂಗಿ ತೊಟ್ಟು ಕೂತಿದ್ದರು. ಪಕ್ಕದಲ್ಲಿ ಗಂಟು ಕಟ್ಟಿದ ಬಟ್ಟೆಚೀಲ. ದಿಫು ಪೇಟೆಯಿಂದ ಬಂದಿದ್ದ ಮಗಳು ಕಾದೋಮ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ರಾತ್ರಿ ಔಷಧಿ ಕುಡಿಸಿದೆ, ಕೆಮ್ಮು ನಿಂತಿತು," ಎಂದಳು. "ಅದಕ್ಕೆ ಇಷ್ಟು ಜನ ಬರ್ಬೇಕಿತ್ತಾ?"

"ಕೇಳದೆ ಯಾಕಮ್ಮ ವಾಸಿ ಮಾಡಿದೆ?" ಎಂದ ರೆನ್‌ಸಿಂಗ್, ನೊಂದುಕೊಂಡು.

ಟೀಕಾರಾಮ ಬಾಗಿಲ ಬಳಿ ಕುಸಿದು ಕೂತ. "ಬದುಕಿದೀಯೇನೋ ಮುದುಕಪ್ಪ? ಅಳೋಣ ಅಂತ ಬಂದಿದ್ದೆ."

"ಅಳು. ಅಷ್ಟು ದೂರದಿಂದ ಬಂದಿದೀಯ, ಯಾಕೆ ದಂಡ ಮಾಡ್ಕೋತೀಯ."

"ತುಪ್ಪ ತಂದಿದೀನಿ, ಎದೆಗೆ ಹಚ್ಕೋ."

ಮನೆಯವರು ನಮಗೆಲ್ಲ ಸೋರೆಬುರುಡೆಯಲ್ಲಿ ಅಕ್ಕಿಯ ಕಳ್ಳು ಕೊಟ್ಟರು. ಟೀಕಾರಾಮ ಕಳ್ಳು ಮುಟ್ಟದ ಬ್ರಾಹ್ಮಣ, ಅವನಿಗೆ ಹಾಲಿಲ್ಲದ ಚಹಾ. ಮಾವ ಗಂಟಲು ಸರಿಮಾಡಿಕೊಳ್ಳಲು ನೋಡಿದರು. ಏನೂ ಬರಲಿಲ್ಲ.

"ನಾನು ಮಗಳ ಮನೆಗೆ ಹೋಗ್ತೀನಿ," ಎಂದರು. "ಅವಳು ಅನ್ನ ಮೆತ್ತಗೆ ಮಾಡ್ತಾಳೆ. ಹಿರಿತನ ಯಾರಾದ್ರೂ ತಗೊಳ್ಳಿ. ರೆನ್‌ಸಿಂಗ್, ನೀನು ತಗೋ. ಊರಿಗೆ ನಿನ್ನ ಹೆಸರು ಬರುತ್ತೆ."

ರೆನ್‌ಸಿಂಗ್ ಬುರುಡೆಯೊಳಗೆ ಇಣುಕಿ ನೋಡಿದ. "ಕೇಸು ಮತ್ತೆ ಮೊದಲಿಂದ ಶುರುವಾಗುತ್ತಲ್ಲ ಮಾವ."

"ನಿನಗಿನ್ನೂ ವಯಸ್ಸಿದೆ."

"ಅಲ್ಲ, ನಾನು ಈ ಹೋರಾಟ, ಸಂಘಟನೆ ಅಂತ..."

ಉಳಿದವರೂ ಒಬ್ಬೊಬ್ಬರಾಗಿ ಮಾಡಿನ ಹುಲ್ಲನ್ನು ಪರೀಕ್ಷಿಸತೊಡಗಿದರು. ಮಾವ ಬಾಗಿಲ ಕಡೆ ತಿರುಗಿದರು.

"ಟೀಕಾ, ನಿಮ್ಮಪ್ಪ ನಮ್ಮ ದೊಡ್ಡಪ್ಪನ್ನ ಕೇಳ್ಕೊಂಡೇ ತಾನೆ ಆ ಇಳಿಜಾರಲ್ಲಿ ಎಮ್ಮೆ ಮೇಯಿಸಿದ್ದು? ಅದೊಂದು ಮಾತು ಸಾಹೇಬರಿಗೆ ಹೇಳಿಬಿಡು. ಇಬ್ರೂ ಮನೇಗೆ ಹೋಗೋಣ."

ಟೀಕಾರಾಮ ಚಹಾದ ಲೋಟ ಕೆಳಗಿಟ್ಟ.

"ಕೇಳ್ಕೊಂಡೇ ಮೇಯಿಸಿದ್ದು. ಅದಕ್ಕೆ ಅಪ್ಪ ಕೊಡ್ತಿದ್ದ ತುಪ್ಪಾನ ನಾನೇ ಹೊತ್ತು ತಂದು ಇಳಿಸಿದೀನಿ, ಇದೇ ಜಗಲೀಲಿ. ಆದ್ರೆ ಅಲ್ಲಿ ಹೇಳಿದ ದಿನ ಮಕ್ಕಳು ನನ್ನ ಒಳಗೆ ಸೇರಿಸಲ್ಲ ಅಣ್ಣ. ಶುಂಠಿ ಬಿಟ್ರೆ ಅವರಿಗೇನಿದೆ? ನಾನೆಲ್ಲಿಗೆ ಹೋಗಲಿ? ಹುಟ್ಟಿದ್ದೇ ಈ ಹಳ್ಳದ ಪಕ್ಕ."

ಮಾವ ತಲೆಯಾಡಿಸಿದರು. ಕೋಪವೇನೂ ಇರಲಿಲ್ಲ. ಹಿಂದಿನ ಎಷ್ಟೋ ಬಸ್ಸುಗಳಲ್ಲಿ ಇದೇ ಮಾತು ನಡೆದಿರಬೇಕು.

"ಅಪ್ಪ, ಬಸ್ಸಿನ ಹೊತ್ತಾಯ್ತು," ಎಂದಳು ಕಾದೋಮ್.

ಆಗ ರೆನ್‌ಸಿಂಗ್ ಎದ್ದು ನಿಂತ. ತೊಲೆಗೆ ತಲೆ ತಾಗಿತು, ಲೆಕ್ಕಿಸಲಿಲ್ಲ. ಮಾವ ಬರೀ ಮನುಷ್ಯರಲ್ಲ ಎಂದ. ಅವರು ಕೋಟೆ, ಅವರು ಬೆಟ್ಟ, ಅವರ ಉಸಿರಿರುವ ತನಕ ಇಳಿಜಾರಿನ ಒಂದು ಹಿಡಿ ಮಣ್ಣನ್ನೂ ಯಾರೂ ಮುಟ್ಟಲಾರರು ಎಂದ. ಶುಂಠಿ ಹಾಕಿದವರ ತಂದೆಯೂ ಕೂತಲ್ಲೇ ತಲೆದೂಗಿದ, ಮಾತು ಅಷ್ಟು ಚೆನ್ನಾಗಿತ್ತು. ಹೆಂಗಸರು ಕಣ್ಣೊರೆಸಿಕೊಂಡರು.

"ಹೇಳಿ ಮಾವ," ಎಂದು ರೆನ್‌ಸಿಂಗ್ ಮುಗಿಸಿದ, "ಈ ನೆಲಕ್ಕಾಗಿ ನಿಮಗೆ ಇನ್ನೇನು ಬೇಕು? ಊರು ಪ್ರಾಣ ಕೊಡೋಕೂ ತಯಾರಿದೆ."

ಮಾವ ಚೀಲದ ಗಂಟು ಬಿಚ್ಚಿ, ಒಳಗಿನ ಪಂಚೆ ತೆಗೆದು, ಮತ್ತೆ ಗಳುವಿನ ಮೇಲೆ ಹಾಕಿದರು.

"ಮುಂದಿನ ವಾಯಿದೆಗೆ ಕಚೇರೀಲಿ ಎರಡು ಕುರ್ಚಿ ಹಾಕಿಸೋಕಾಗುತ್ತಾ ನೋಡಪ್ಪ," ಎಂದರು. "ಟೀಕಾರಾಮನಿಗೂ ಮಂಡಿ ನೋವು."