ಸೊಗಡಿಲ್ಲದ ಹೂಗಿಡ

ಬೂವನಹಳ್ಳಿ ಕಡೆಯಿಂದ ನಮ್ಮ ಬೀದಿಗೆ ಅವರೆಕಾಯಿ ತರುತ್ತಿದ್ದ ಅಜ್ಜಿ, ಏನು ಕೇಳಿದರೂ ಕಣ್ಣು ಕಿರಿದಾಗಿಸಿ, "ಯಾಕ್ ಬೇಕು ನಿಂಗೆ?" ಅನ್ನುತ್ತಿದ್ದಳು.

ಒಮ್ಮೆ ಅವಳ ಹೊಲಕ್ಕೆ ಹೋಗಿದ್ದಾಗ, ಬದುವಿನಾಚೆಯ ಹುಲ್ಲುಗಾವಲಿನಲ್ಲಿ ಅವರೆಯಂಥದೇ ನೇರಳೆ ಹೂಬಿಟ್ಟ ಕಾಡುಗಿಡವೊಂದು ಕಂಡಿತು. ಹೆಸರು ಕೇಳಿದೆ. ಸಂತೆಯಲ್ಲಿ ಅವರೆಕಾಯಿಯ ಸೊಗಡು ನೋಡುವಂತೆಯೇ ಅಜ್ಜಿ ಅದರ ಕಾಯೊಂದನ್ನು ಮೂಗಿಗೆ ಹಿಡಿದಳು.

"ಸೊಗಡೇ ಇಲ್ಲ. ಅವರೆ ಜಾತೀದಲ್ಲ, ಬರೀ ಕಳೆ ಕಣವ್ವ."

ಆ ಕಾಯನ್ನು ಇಸಿದುಕೊಂಡು ಸುಲಿದೆ. ಒಳಗೆ ಪುಟ್ಟ ಕಾಳುಗಳು ಸಾಲಾಗಿ ಕೂತಿದ್ದವು.

"ಮತ್ತೆ ಇದೇನಜ್ಜಿ?"

ಅಜ್ಜಿ ಕಾಳುಗಳನ್ನು ನನ್ನ ಅಂಗೈಯಿಂದ ಬಳಿದು ಸೆರಗಿಗೆ ಕಟ್ಟಿಕೊಂಡಳು.

"ಎಸ್ರು ಗೊತ್ತು, ಏಳಾಕಿಲ್ಲ. ಓದ್ಸಲ ಬಂದೋರೂ ಮೊದ್ಲು ಗಿಡದ ಎಸ್ರೇ ಕೇಳಿದ್ರು. ಆಮೇಲೆ ನಮ್ಮೊಲದಲ್ಲಿ ಸರ್ವೆ ಕಲ್ಲು ನೆಟ್ರು."